ಬಂಡೆ ನೀರಲ್ಲಿ ತಳ ಗಾಳ: ಸೀಸ, ದಾರ ಹೋಗದ ಹಾಗೆ ಕಟ್ಟೋದು ಹೇಗೆ?

ಅರ್ಕಾವತಿ ಗಾಳ (ಕೆಂಗೇರಿ)

ಟಿ. ನರಸೀಪುರದಿಂದ ತಲಕಾಡಿನ ಕಡೆಗಿರೋ ಕಾವೇರಿಯಲ್ಲಿ, ದಡದಿಂದ ತಳ ಗಾಳ ಹಾಕೋಕೆ ಸೆಟಪ್ ಬೇಕು. ಈಗಿರೋದು: 8 ಅಡಿ ಸ್ಪಿನ್ನಿಂಗ್ ರಾಡ್ (ಮೇಲೆ 15–40 ಗ್ರಾಂ ಅಂತ ಬರೆದಿದೆ), 4000 ಸೈಜ್ ರೀಲ್, 0.35 ಮಿ.ಮೀ. ತಂಗೂಸಿ (ಒಂಟಿ ಎಳೆಯ ನೈಲಾನ್ ದಾರ). ದಾರಕ್ಕೆ 40 ಗ್ರಾಂ ಮೊಟ್ಟೆ ಸೀಸ (ಮೊಟ್ಟೆ ಆಕಾರದ, ನಡುವೆ ತೂತಿರೋ ಗುಂಡು), ಕೆಳಗೆ ಸ್ವಿವೆಲ್ (ಎರಡು ಕಿವಿಯ, ತಿರುಗೋ ಕೊಂಡಿ), ಅದರಿಂದ ಒಂದಡಿ ತುಂಡು ದಾರ, ತುದಿಗೆ 1/0 ಕೊಕ್ಕೆ. ಮರಳಿರೋ ಕಡೆ ತೊಂದರೆ ಇಲ್ಲ. ಬಂಡೆ ಇರೋ ಕಡೆ ಸೀಸ ಸಿಕ್ಕಿಕೊಂಡರೆ ಕೊಕ್ಕೆ, ಸ್ವಿವೆಲ್, ಜತೆಗೆ ಹತ್ತಿಪ್ಪತ್ತು ಮೀಟರ್ ದಾರ ಎಲ್ಲ ಹೋಗುತ್ತೆ. ಅಂಗಡಿಯಲ್ಲಿ ಬ್ರೇಡ್ (ಹೆಣೆದ ದಾರ) ಹಾಕಿ, ರಾಡ್ ಬದಲಾಯಿಸಿ ಅಂತಾರೆ. ನಿಜವಾಗ್ಲೂ ಬೇಕಾ? ಗುರಿ ರೋಹು, ಗೆಂಡೆ, ಬಂದ್ರೆ ಬಾಳೆ.

ಸೀಸದ ಗುಂಡು

ರಾಡ್ ಮುಟ್ಟಬೇಡಿ. ನಿಮ್ಮ ನಷ್ಟ ಎಲ್ಲ ಆಗ್ತಿರೋದು ದಾರದ ಕೊನೇ ಒಂದೂವರೆ ಮೀಟರ್‌ನಲ್ಲಿ. ಅಲ್ಲಿ ಯಾವುದು ಮೊದಲು ಕಡೀಬೇಕು ಅನ್ನೋದನ್ನ ನೀವು ನಿರ್ಧಾರ ಮಾಡಿಲ್ಲ, ಅದಕ್ಕೇ ಬಂಡೆ ನಿರ್ಧಾರ ಮಾಡ್ತಿದೆ.

ಮೊಟ್ಟೆ ಸೀಸದೊಳಗೆ ಮುಖ್ಯ ದಾರ ಪೋಣಿಸಿದ್ರೆ, ಸೀಸ ಸಂದಿಗೆ ಬಿದ್ದಾಗ ಅದರ ಜತೆ ಮುಖ್ಯ ದಾರವೂ ಸಂದಿಗೆ ಹೋಗುತ್ತೆ. ಬಂಡೆ ಅಂಚಿಗೆ ತಿಕ್ಕಿ ಅಲ್ಲೇ ಕಡಿಯುತ್ತೆ. ಹೀಗೆ ಕಟ್ಟಿ:

ಮುಖ್ಯ ದಾರಕ್ಕೆ ಒಂದು ಸಣ್ಣ ಸ್ವಿವೆಲ್‌ನ ಕಿವಿ ಪೋಣಿಸಿ, ಅದು ಮೇಲೆ ಕೆಳಗೆ ಜಾರುತ್ತಿರಲಿ. ಅದರ ಕೆಳಗೆ 6 ಮಿ.ಮೀ. ರಬ್ಬರ್ ಅಥವಾ ಪ್ಲಾಸ್ಟಿಕ್ ಮಣಿ. ಜಾರೋ ಸ್ವಿವೆಲ್ ಬಂದು ಗಂಟಿಗೆ ಹೊಡೆಯೋದನ್ನ ಮಣಿ ತಡೆಯುತ್ತೆ. ಆಮೇಲೆ ಇನ್ನೊಂದು ಸ್ವಿವೆಲ್‌ಗೆ ಮುಖ್ಯ ದಾರ ಕಟ್ಟಿ. ಅದರಿಂದ ಕೊಕ್ಕೆಗೆ 0.30 ಮಿ.ಮೀ. ದಾರ, 40–60 ಸೆಂ.ಮೀ. ಜಾರೋ ಸ್ವಿವೆಲ್‌ನ ಇನ್ನೊಂದು ಕಿವಿಯಿಂದ ಸೀಸಕ್ಕೆ 0.22 ಅಥವಾ 0.25 ಮಿ.ಮೀ. ದಾರ, ಒಂದು ಗೇಣು ಸಾಕು.

ಈಗ ಕಡಿಯೋ ಸರದಿ ನಿಮ್ಮ ಕೈಲಿದೆ: ಮೊದಲು ಸೀಸದ ದಾರ, ಆಮೇಲೆ ಕೊಕ್ಕೆಯ ದಾರ, ಕೊನೆಗೆ ಮುಖ್ಯ ದಾರ. ಸೀಸ ಸಿಕ್ಕಿಕೊಂಡ್ರೆ ಸೀಸ ಮಾತ್ರ ಹೋಗುತ್ತೆ. ಮೀನು ಕಚ್ಚಿರುವಾಗಲೇ ಸೀಸ ಸಿಕ್ಕಿಕೊಂಡ್ರೂ ಸೀಸ ಕಡಿದು ಮೀನು ಬರುತ್ತೆ. ಬಂಡೆ ನೀರಲ್ಲಿ ಇದಕ್ಕಿಂತ ದೊಡ್ಡ ಲಾಭ ಇಲ್ಲ.

ಬೆಂಡು ಬಸಣ್ಣ

ಸೀಸದ ಗುಂಡು ಹೇಳಿದ್ದಕ್ಕೆ ಒಂದು ಸೇರಿಸಬೇಕು. 0.22 ದಾರಕ್ಕೆ 40 ಗ್ರಾಂ ಕಟ್ಟಿ ಚಾಟಿ ಬೀಸಿದಂಗೆ ಬೀಸಿದ್ರೆ ಸೀಸ ಒಬ್ಬಂಟಿಯಾಗಿ ಹಾರಿಹೋಗುತ್ತೆ, ಎದುರು ದಡದಲ್ಲಿ ಯಾರಾದ್ರೂ ಬಟ್ಟೆ ಒಗೀತಿದ್ರೆ ಅನಾಹುತ. ರಾಡ್ ಹಿಂದಕ್ಕೆ ಒಯ್ದು ಒಂದು ಕ್ಷಣ ನಿಲ್ಲಿಸಿ, ಸೀಸದ ಭಾರ ತುದಿಯಲ್ಲಿ ತಿಳಿದ ಮೇಲೆ ನಿಧಾನಕ್ಕೆ ವೇಗ ಹೆಚ್ಚಿಸ್ತಾ ಎಸೀರಿ. 40 ಗ್ರಾಂ ದಾಟಿದ್ರೆ 0.25ರ ಕೆಳಗೆ ಹೋಗಬೇಡಿ. ಇನ್ನು ರಾಡ್ ಮೇಲೆ 15–40 ಅಂತ ಇರೋದು ಸೀಸ, ಎರೆ (ಕೊಕ್ಕೆಗೆ ಹಾಕೋ ತಿನಿಸು) ಎರಡೂ ಸೇರಿಸಿ. 40 ಗ್ರಾಂ ಸೀಸದ ಮೇಲೆ ನಿಂಬೆಹಣ್ಣಿನ ಗಾತ್ರದ ರಾಗಿ ಉಂಡೆ ಹಾಕಿದ್ರೆ ಮಿತಿ ಯಾವತ್ತೋ ದಾಟಿರುತ್ತೆ.

ನಟ್ಟು ಬೋಲ್ಟು (ಪೀಣ್ಯ)

ಬಂಡೆಗೆ ಬಲಿ ಕೊಡೋದಕ್ಕೆ ಸೀಸ ಯಾಕೆ ಸ್ವಾಮಿ? ಸೀಸ ವಿಷ, ನದಿ ತಳದಲ್ಲಿ ಹಾಗೇ ಉಳಿಯುತ್ತೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗೋ ಕಬ್ಬಿಣದ ನಟ್ ತಗೊಳ್ಳಿ. ಎಂ12 ನಟ್ ಸುಮಾರು 17 ಗ್ರಾಂ, ಎಂ16 ಸುಮಾರು 33, ಎಂ20 ಸುಮಾರು 64. ಗುಜರಿಯಲ್ಲಿ ಬಿದ್ದಿರೋ ತುಕ್ಕು ಹಿಡಿದದ್ದಾದ್ರೂ ನಡೆಯುತ್ತೆ. ಬದಿ ಚಪ್ಪಟೆ ಇರೋದ್ರಿಂದ ಹರಿವಿಗೆ ಉರುಳೋದು ಕಮ್ಮಿ. ಮೊಟ್ಟೆ ಸೀಸದ ಗುಣವೇ ಉರುಳಿ ಉರುಳಿ ಸಂದಿ ಹುಡುಕ್ಕೊಂಡು ಹೋಗೋದು.

ಕೊರತೆ ಏನಂದ್ರೆ, ಕಬ್ಬಿಣದ ಸಾಂದ್ರತೆ ಸೀಸದ ಮುಕ್ಕಾಲಿಗಿಂತ ಕಮ್ಮಿ. ಅಷ್ಟೇ ತೂಕಕ್ಕೆ ಗಾತ್ರ ದೊಡ್ಡದು, ಹರಿವಿನ ತಳ್ಳಾಟ ಜಾಸ್ತಿ. 40 ಗ್ರಾಂ ಸೀಸ ನಿಲ್ಲೋ ಜಾಗಕ್ಕೆ ಎಂ16 ಸಾಲದೆ ಇರಬಹುದು. ನಟ್‌ನ ಒಳ ಅಂಚು ಚೂಪಾಗಿರುತ್ತೆ, ತೆಳು ದಾರ ನೇರ ಕಟ್ಟಿದ್ರೆ ಕೊಯ್ಯುತ್ತೆ. ಒಂದು ಕೇಬಲ್ ಟೈ ಪೋಣಿಸಿ ಅದರ ಕುಣಿಕೆಗೆ ದಾರ ಕಟ್ಟಿ.

ಸೀಸದ ಗುಂಡು

ಕೇಬಲ್ ಟೈ ನದಿಗೆ ಹಾಕೋದಾದ್ರೆ ಸೀಸದ ವಿಷದ ಮಾತು ಯಾಕೆ? ಸೆಣಬಿನ ಹುರಿ ಸಾಕು. ನೆನೆದು ಕೊಳೆತೂ ಹೋಗುತ್ತೆ. ನಟ್ ವಿಚಾರ ಮಾತ್ರ ಒಪ್ಪಿದೆ.

ನಟ್ಟು ಬೋಲ್ಟು (ಪೀಣ್ಯ)

ಸರಿ, ಸೆಣಬು.

ತುಂಗಾ ತೀರ (ಈಗ ಮಲ್ಲೇಶ್ವರ)

ಮಾರಾಯ್ರೆ, ಸೀಸ ಎಷ್ಟು ಗ್ರಾಂ ಅಂತ ಮಾತಾಡೋ ಮೊದ್ಲು ದಾರ ನೀರಲ್ಲಿ ಎಷ್ಟು ಮೀಟರ್ ಇದೆ ಅಂತ ನೋಡಿ. ಸೀಸವನ್ನ ಎಳ್ಕೊಂಡು ಹೋಗೋದು ಹರಿವು ಸೀಸಕ್ಕೆ ಹೊಡೆಯೋದ್ರಿಂದ ಅಲ್ಲ, ಬಹುಪಾಲು ದಾರಕ್ಕೆ ಹೊಡೆಯೋದ್ರಿಂದ. ರಾಡನ್ನ ದಡದಲ್ಲಿ ಅಡ್ಡ ಮಲಗಿಸಿದ್ರೆ ನಲವತ್ತು ಮೀಟರ್ ದಾರವೂ ನೀರೊಳಗೆ. ಕವೆಗೋಲು ನೆಟ್ಟು ರಾಡ್ ತುದಿ ಆಕಾಶಕ್ಕೆ ನಿಲ್ಲಿಸಿ, ದಾರದ ಅರ್ಧ ಭಾಗ ಗಾಳಿಯಲ್ಲಿರುತ್ತೆ. ಅಷ್ಟರಿಂದಲೇ 60 ಗ್ರಾಂ ಬೇಕಾದಲ್ಲಿ 40 ನಿಲ್ಲುತ್ತೆ.

ಎರಡನೇದು, ಎಸೆಯೋ ಕೋನ. ನೇರ ಎದುರಿಗೆ ಎಸೆದು ದಾರ ಬಿಗಿ ಮಾಡಿದ್ರೆ ಹರಿವು ದಾರದ ಹೊಟ್ಟೆಗೆ ಹೊಡೆದು ಸೀಸವನ್ನ ದಡದ ಕಡೆ ಎಳೆಯುತ್ತೆ, ಅದು ದಾರಿಯಲ್ಲಿರೋ ಎಲ್ಲ ಬಂಡೆ ಮುಟ್ಕೊಂಡು ಬರುತ್ತೆ. ಬದಲಿಗೆ ಸ್ವಲ್ಪ ಮೇಲ್ಹರಿವಿಗೆ ಎಸೀರಿ. ಸೀಸ ತಳ ಮುಟ್ಟಿದ ಮೇಲೆ ಇನ್ನೂ ಮೂರ್ನಾಲ್ಕು ಮೀಟರ್ ದಾರ ಬಿಡಿ. ದಾರ ಕೆಳಹರಿವಿನ ಕಡೆ ಬಾಗಿ ನಿಲ್ಲುತ್ತೆ, ಸೀಸದ ಮೇಲಿನ ಎಳೆತ ತಳಕ್ಕೆ ಸಮಾನಾಂತರವಾಗುತ್ತೆ, ಮೇಲಕ್ಕೆ ಎತ್ತೋದಿಲ್ಲ. ಇದರಲ್ಲಿ ಮೀನು ಕಚ್ಚಿದ್ರೆ ಎಷ್ಟೋ ಸಲ ರಾಡ್ ತುದಿ ಬಾಗೋ ಬದಲು ನೆಟ್ಟಗಾಗುತ್ತೆ, ಯಾಕಂದ್ರೆ ಸೀಸ ಜರುಗಿ ದಾರ ಸಡಿಲ ಆಗಿರುತ್ತೆ. ಸಡಿಲ ಕಂಡ ಕೂಡ್ಲೆ ರೀಲ್ ಸುತ್ತಿ ದಾರ ಬಿಗಿ ಮಾಡಿ ಎಳೀಬೇಕು. ಹೊಸಬರು ಇದನ್ನ ಕಚ್ಚು ಅಂತ ಗುರುತಿಸೋದೇ ಇಲ್ಲ.

ಮೂರನೇದು, ಜಾಗ. ಬಿಳಿ ನೊರೆ ಏಳೋ ಕಡೆ ಹಾಕಿ ಪ್ರಯೋಜನ ಇಲ್ಲ. ಬಂಡೆ ಹಿಂದೆ ನೀರು ತಿರುಗಿ ನಿಧಾನ ಆಗೋ ಜಾಗ ಇರುತ್ತಲ್ಲ, ಅದಕ್ಕೂ ಓಡೋ ನೀರಿಗೂ ನಡುವೆ ಒಂದು ಗೆರೆ ಕಾಣುತ್ತೆ. ಎಲೆ, ನೊರೆ ಆ ಗೆರೆ ಹಿಡಿದು ಹೋಗ್ತಿರುತ್ತೆ. ಎರೆ ಆ ಗೆರೆಯ ನಿಧಾನ ಬದಿಯಲ್ಲಿರಬೇಕು. ಮೀನು ಶಕ್ತಿ ಖರ್ಚು ಮಾಡದೆ ನಿಂತು, ಓಡೋ ನೀರು ತರೋದನ್ನ ಹೆಕ್ಕೋ ಜಾಗ ಅದು. ಮಡುವಿನ ನಟ್ಟನಡುವಿಗಿಂತ, ಮಡು ಮುಗಿದು ನೀರು ಆಳ ಕಮ್ಮಿ ಆಗೋ ಬಾಲದ ಭಾಗ ಬೆಳಿಗ್ಗೆ ಸಂಜೆ ಒಳ್ಳೇದು. ಮಾಧವಮಂತ್ರಿ ಅಣೆಕಟ್ಟಿನ ಮೇಲ್ಭಾಗದಂಥ ನಿಂತ ನೀರಲ್ಲಿ ಈ ಲೆಕ್ಕ ಬೇರೆ. ಅಲ್ಲಿ ಬೆಂಡು ಸಾಕು, 40 ಗ್ರಾಂ ಸೀಸ ಯಾಕೆ.

ಅರ್ಕಾವತಿ ಗಾಳ (ಕೆಂಗೇರಿ)

ಬ್ರೇಡ್ ಬಗ್ಗೆ ಯಾರೂ ಹೇಳ್ಲಿಲ್ಲ. ತೆಳು ಇರೋದ್ರಿಂದ ಹರಿವು ಕಮ್ಮಿ ಹಿಡಿಯುತ್ತೆ ಅಲ್ವಾ?

ತುಂಗಾ ತೀರ (ಈಗ ಮಲ್ಲೇಶ್ವರ)

ಹೌದು, ಅದು ನಿಜ. ತೆಳು ದಾರಕ್ಕೆ ಕಮ್ಮಿ ಸೀಸ ಸಾಕು, ಕಚ್ಚು ಬೆರಳಿಗೆ ತಕ್ಷಣ ಗೊತ್ತಾಗುತ್ತೆ. ಸ್ಪಿನ್ನರ್, ಸ್ಪೂನ್, ಕೊರವ ಹಿಡಿಯೋ ರಬ್ಬರ್ ಕಪ್ಪೆ ಇದಕ್ಕೆಲ್ಲ ಬ್ರೇಡೇ.

ಸೀಸದ ಗುಂಡು

ಆದರೆ ಕಾವೇರಿಯ ಕಲ್ಲಿಗೆ ಬಿಗಿಯಾದ ಬ್ರೇಡ್ ತಾಗಿದ್ರೆ ಮುಗೀತು. ಕೂದಲೆಳೆಯಂಥ ನೂಲುಗಳನ್ನ ಹೆಣೆದದ್ದು, ಒಂದೊಂದೇ ಎಳೆ ಹೋಗುತ್ತೆ. 0.35 ತಂಗೂಸಿ ತರಚಿದ್ರೂ ಸ್ವಲ್ಪ ತಡೆಯುತ್ತೆ, ಜತೆಗೆ ಹಿಗ್ಗುತ್ತೆ; ಮೀನು ದಡದ ಹತ್ತಿರ ತಲೆ ಒದರಿದಾಗ ಆ ಹಿಗ್ಗು ಕೊಕ್ಕೆ ಕಿತ್ತುಬರದಂತೆ ಕಾಯುತ್ತೆ. ಬ್ರೇಡ್ ಹಾಕಲೇಬೇಕಂದ್ರೆ ತುದಿಗೆ 0.45–0.50 ಮಿ.ಮೀ. ತಂಗೂಸಿ ಕನಿಷ್ಠ 6–8 ಮೀಟರ್ ಜೋಡಿಸಿ. ಲೂರ್‌ಗೆ (ಸ್ಪೂನ್, ರಬ್ಬರ್ ಕಪ್ಪೆಯಂಥ ನಕಲಿ ಎರೆಗೆ) ಹಾಕೋ ಒಂದು ಮೀಟರ್ ಇಲ್ಲಿ ಸಾಲದು, ದಾರ ತಿಕ್ಕೋದು ಕೊಕ್ಕೆ ಹತ್ತಿರ ಮಾತ್ರ ಅಲ್ಲ. ಜೋಡಿಸೋಕೆ ಡಬಲ್ ಯೂನಿ ಗಂಟು: ಬ್ರೇಡ್ ಕಡೆ 8 ಸುತ್ತು, ತಂಗೂಸಿ ಕಡೆ 4–5. ಎಫ್‌ಜಿ ಗಂಟು ಇನ್ನೂ ತೆಳು, ಉಂಗುರಗಳಲ್ಲಿ ಸಲೀಸಾಗಿ ಹೋಗುತ್ತೆ. ಆದರೆ ಗಾಳಿ ಬೀಸೋ ದಡದಲ್ಲಿ ಕಟ್ಟೋದಲ್ಲ, ಮನೆಯಲ್ಲೇ ಕಟ್ಟಿಕೊಂಡು ಹೋಗಬೇಕು.

ಇವರ ಪ್ರಶ್ನೆಗೆ ನನ್ನ ಉತ್ತರ: ತಳ ಗಾಳಕ್ಕೆ ತಂಗೂಸಿಯೇ ಇರಲಿ. 0.35ರ ಬದಲು 0.38 ಅಥವಾ 0.40 ಆದ್ರೆ ಇನ್ನೂ ನೆಮ್ಮದಿ.

ಬೆಂಡು ಬಸಣ್ಣ

ಹತ್ತಿಪ್ಪತ್ತು ಮೀಟರ್ ದಾರ ಹೋಗುತ್ತೆ ಅಂದ್ರಲ್ಲ, ಅದಕ್ಕೆ ಕಾರಣ ಬೇರೆ. ಗಂಟಿನ ಹತ್ತಿರ ಕಡಿಯದೆ ಮಧ್ಯದಲ್ಲಿ ಕಡೀತಿದೆ ಅಂದ್ರೆ ಅಲ್ಲಿ ಮೊದಲೇ ಗಾಯ ಆಗಿದೆ. ಮೂರು ಜಾಗ ನೋಡಿ. ಒಂದು, ರಾಡ್ ತುದಿಯ ಉಂಗುರದ ಒಳಗಿನ ಪಿಂಗಾಣಿ ಬಳೆ ಸೀಳಿದೆಯಾ? ಹತ್ತಿಯ ಎಳೆಯನ್ನ ಉಂಗುರದೊಳಗೆ ತಿಕ್ಕಿ, ಸೀಳಿದ್ರೆ ಹತ್ತಿ ಅಂಟಿಕೊಳ್ಳುತ್ತೆ. ಎರಡು, ರೀಲಿನ ದಾರ ತಿರುಗಿಸೋ ಉರುಳೆಯಲ್ಲಿ ಮರಳು ಸೇರಿ ತಿರುಗ್ತಿಲ್ವಾ? ತಿರುಗದಿದ್ರೆ ದಾರ ಅಲ್ಲೇ ಉಜ್ಜುತ್ತೆ. ಮೂರು, ಪ್ರತಿ ಸಲ ಸಿಕ್ಕಿಬಿಡಿಸಿದ ಮೇಲೆ ಕೊನೆಯ 3 ಮೀಟರನ್ನ ತುಟಿ ನಡುವೆ ಎಳೆದು ನೋಡ್ತೀರಾ? ಬೆರಳಿಗೆ ಗೊತ್ತಾಗದ ತರಚು ತುಟಿಗೆ ಗೊತ್ತಾಗುತ್ತೆ. (ನೀರು ಶುದ್ಧ ಇರೋ ಕಡೆ ಮಾತ್ರ. ವೃಷಭಾವತಿ ಸೇರಿದ ಅರ್ಕಾವತಿ ನೀರಾದ್ರೆ ದಾರ ತುಟಿಗೂ ಬೇಡ, ಮೀನು ಬಾಯಿಗೂ ಬೇಡ.) ತರಚಿದ ಭಾಗವನ್ನ ಕತ್ತರಿಸಿ ಹೊಸದಾಗಿ ಕಟ್ಟಿ. ಕತ್ತರಿಸಿದ ತುಂಡು ಜೇಬಿಗೆ, ದಡದಲ್ಲಿ ಬಿಟ್ರೆ ಹಕ್ಕಿಗಳ ಕಾಲಿಗೆ.

ಸಿಕ್ಕಿಕೊಂಡಾಗ ರಾಡ್ ಬಗ್ಗಿಸಿ ಜಗ್ಗೋದು ಬಿಡಿ. ಮೊದಲು ದಾರ ಪೂರ್ತಿ ಸಡಿಲ ಬಿಟ್ಟು ಒಂದು ನಿಮಿಷ ಸುಮ್ಮನಿರಿ; ಹರಿವು ದಾರವನ್ನ ಕೆಳಗೊಯ್ದು ಇನ್ನೊಂದು ದಿಕ್ಕಿನಿಂದ ಎಳೆಯುತ್ತೆ, ಎಷ್ಟೋ ಸಲ ಅಷ್ಟಕ್ಕೇ ಬಿಡುತ್ತೆ. ಇಲ್ಲಾಂದ್ರೆ ದಾರ ಬಿಗಿ ಮಾಡಿ, ರೀಲಿನ ಹತ್ತಿರ ಬೆರಳಿಂದ ಬಿಲ್ಲಿನ ಹೆದೆಯಂತೆ ಎಳೆದು ತಟ್ಟನೆ ಬಿಡಿ. ಅದಕ್ಕೂ ಬಗ್ಗದಿದ್ರೆ ದಾರವನ್ನ ಒಂದು ಕೋಲಿಗೆ ನಾಲ್ಕು ಸುತ್ತು ಸುತ್ತಿ, ರಾಡ್ ಪಕ್ಕಕ್ಕಿಟ್ಟು, ಮುಖ ಆ ಕಡೆ ತಿರುಗಿಸಿ ಹಿಂದಕ್ಕೆ ನಡೀರಿ. ಕೈಗೆ ಸುತ್ಕೋಬೇಡಿ, ಬ್ರೇಡ್ ಆದ್ರಂತೂ ಚರ್ಮ ಸೀಳುತ್ತೆ. ಮುಖ ತಿರುಗಿಸೋದು ಯಾಕಂದ್ರೆ ಹಿಗ್ಗಿದ ತಂಗೂಸಿ ಬಿಟ್ಟಾಗ ಸೀಸ ನೇರ ನಿಮ್ಮ ಕಡೆಗೇ ಹಾರಿ ಬರುತ್ತೆ.

ಲಗೇಜ್ ತಕ್ಕಡಿ

ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ರೀಲ್ ದಾರ ಬಿಟ್ಟುಕೊಡೋ ಬಿಗಿ) ಎಷ್ಟಕ್ಕೆ ಇಟ್ಟಿದೀರಿ? ಕೈಯಲ್ಲಿ ಎಳೆದು ನೋಡಿ ಸಾಕು ಅನ್ನೋರೇ ಜಾಸ್ತಿ. ಸೂಟ್‌ಕೇಸ್ ತೂಗೋ ಪುಟ್ಟ ತಕ್ಕಡಿ ತಗೊಳ್ಳಿ. ರಾಡಿನ ಉಂಗುರಗಳಲ್ಲಿ ದಾರ ಪೋಣಿಸಿ, ತಕ್ಕಡಿಗೆ ಕಟ್ಟಿ, ರಾಡನ್ನ 45 ಡಿಗ್ರಿಗೆ ಎತ್ತಿ ಹಿಡಿದು ಎಳೀರಿ. ದಾರ ಜಾರೋಕೆ ಶುರುವಾದಾಗ ಓದೋ ಅಂಕಿ, ದಾರ ತಾಳೋ ಭಾರದ ಕಾಲು ಭಾಗ ಇರಬೇಕು. 8 ಕೆಜಿ ದಾರಕ್ಕೆ 2 ಕೆಜಿ. ಕಮ್ಮಿ ಅನ್ಸುತ್ತೆ, ಆದರೆ ನೈಲಾನ್ ನೆನೆದಾಗ ಬಲ ಕಳ್ಕೊಳುತ್ತೆ, ಗಂಟಲ್ಲಿ ಇನ್ನಷ್ಟು ಹೋಗುತ್ತೆ, ಉಂಗುರಗಳ ಘರ್ಷಣೆ ಬೇರೆ.

ಬಹಳ ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದು. ಮೀನು ದಾರ ಎಳ್ಕೊಂಡು ಹೋದಂತೆ ಸ್ಪೂಲಿನ ಸುತ್ತಳತೆ ಕಮ್ಮಿ ಆಗುತ್ತೆ. ನೀವು ಗುಬುಟು ಮುಟ್ಟದಿದ್ರೂ ಎಳೆತ ಹೆಚ್ಚುತ್ತೆ. ಸ್ಪೂಲ್ ಮೇಲಿನ ದಾರದ ವ್ಯಾಸ ಅರ್ಧ ಆದ್ರೆ 2 ಕೆಜಿ ಇದ್ದದ್ದು 4 ಕೆಜಿ. ಅದರ ಮೇಲೆ ಹರಿವಿನ ಭಾರ. ಹಾಗಾಗಿ ದೊಡ್ಡ ಮೀನು ದೂರ ಓಡಿದಾಗ ಡ್ರ್ಯಾಗ್ ಬಿಗಿ ಮಾಡೋದಲ್ಲ, ಸ್ವಲ್ಪ ಸಡಿಲ ಮಾಡಿ ದಡದಲ್ಲಿ ನೀವೂ ಕೆಳಹರಿವಿಗೆ ನಡೀಬೇಕು. ಮೀನಿಗಿಂತ ಮೇಲ್ಹರಿವಲ್ಲಿ ನಿಂತು ಜಗ್ಗಿದ್ರೆ ಮೀನಿನ ಜತೆ ನದಿಯನ್ನೂ ಎಳೀತಿರ್ತೀರಿ.

ರಾಗಿ ಕಣಜ (ಚನ್ನಪಟ್ಟಣ–ಬೆಂಗಳೂರು)

ಎರೆ ವಿಷಯಕ್ಕೆ ಬರ್ತೀನಿ. ಊಟದ ಮುದ್ದೆ ಗಾಳಕ್ಕೆ ಆಗಲ್ಲ, ನೀರಿನಂಶ ಜಾಸ್ತಿ, ಮೊದಲ ಎಸೆತಕ್ಕೇ ಕಳಚುತ್ತೆ. ಅರ್ಧ ಕೆಜಿ ರಾಗಿ ಹಿಟ್ಟು, 50 ಗ್ರಾಂ ಮೈದಾ, 50 ಗ್ರಾಂ ಕಡಲೆಕಾಯಿ ಹಿಂಡಿ ಪುಡಿ, ಒಂದು ಚಮಚ ಕುಟ್ಟಿದ ಸೋಂಪು. ಬಿಸಿನೀರು ಸ್ವಲ್ಪ ಸ್ವಲ್ಪವೇ ಹಾಕಿ, ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಅದಕ್ಕೇ ಹಸಿ ಉಂಡೆ ಬಿರಿಯುತ್ತೆ, ಮೈದಾ ಹಿಡಿದಿಡೋಕೆ. ಟೆನಿಸ್ ಬಾಲ್ ಗಾತ್ರದ ಉಂಡೆ ಮಾಡಿ ಕುದಿಯೋ ನೀರಲ್ಲಿ 25 ನಿಮಿಷ ಬೇಯಿಸಿ. ತೆಗೆದು, ಕೈ ತಾಳುವಷ್ಟು ಬಿಸಿ ಇರುವಾಗಲೇ ಮತ್ತೆ ನಾದಿ. ಈ ಎರಡನೇ ನಾದುವಿಕೆಯೇ ಮುಖ್ಯ. ಒಳಗಿನ ಹಸಿ ಭಾಗ, ಹೊರಗಿನ ಬೆಂದ ಭಾಗ ಎರಡೂ ಒಂದಾಗಿ ರಬ್ಬರಿನಂತಾಗಬೇಕು. ಒದ್ದೆ ಬಟ್ಟೆಯಲ್ಲಿ ಸುತ್ತಿಡಿ.

ಪರೀಕ್ಷೆ: ಬಕೆಟ್ ನೀರಲ್ಲಿ ಕೊಕ್ಕೆ ಸಮೇತ ಹಾಕಿ ಅರ್ಧ ಗಂಟೆ ಬಿಡಿ. ಆಕಾರ ಉಳಿದು, ಮೇಲ್ಪದರ ಮಾತ್ರ ಮೆತ್ತಗಾಗಿದ್ರೆ ಸರಿ. ಕಲ್ಲಿನಂತೆ ಉಳಿದಿದ್ರೂ ತಪ್ಪೇ. ಎಳೆದಾಗ ಕೊಕ್ಕೆ ಉಂಡೆ ಸೀಳಿ ಹೊರಗೆ ಬರಬೇಕಲ್ಲ? ಗೆಂಡೆಗೆ ನೆಲ್ಲಿಕಾಯಿ ಗಾತ್ರ, ರೋಹುಗೆ ಅದಕ್ಕಿಂತ ಸಣ್ಣದು, ಕೊಕ್ಕೆ 4 ಅಥವಾ 6 ನಂಬರ್ (ಈ ಅಳತೆಯಲ್ಲಿ ನಂಬರ್ ಹೆಚ್ಚಿದಷ್ಟು ಕೊಕ್ಕೆ ಸಣ್ಣದು). ನಿಮ್ಮ 1/0 ರೋಹು ಬಾಯಿಗೆ ದೊಡ್ಡದಾಯ್ತು. ಕಾಟ್ಲಾ ಈ ತಳ ಗಾಳಕ್ಕೆ ಬರೋದು ಅಪರೂಪ, ಅದು ಮೇಲಿನ ನೀರಿನ ಮೀನು.

ಹಿಂಡಿ ಉಂಡೆ ಸುತ್ತ ಆರೇಳು ಕೊಕ್ಕೆ ಕಟ್ಟೋ ಪದ್ಧತಿ ಇದೆ, ನನಗೆ ಇಷ್ಟ ಇಲ್ಲ. ಮೀನಿನ ಬಾಯಿಗಿಂತ ಕಣ್ಣು, ಹೊಟ್ಟೆಗೆ ಚುಚ್ಚೋದೇ ಹೆಚ್ಚು. ಬಂಡೆಗೂ ಆರು ಪಟ್ಟು ಸಿಕ್ಕಿಕೊಳ್ಳುತ್ತೆ.

ಬೆಂಡು ಬಸಣ್ಣ

ಬಾಳೆಗೆ ರಾಗಿ ಹಿಡ್ಕೊಂಡು ಕೂತ್ರೆ ಬೆಳಗಾಗುತ್ತೆ. ಅದು ಮಾಂಸಾಹಾರಿ. ಸಣ್ಣ ಮೀನಿನ ತುಂಡು, ಕೋಳಿ ಕರುಳು. ಹಲ್ಲು ಅರದಂತೆ ಸಾಲಾಗಿರೋದ್ರಿಂದ 0.30 ದಾರ ಉಳಿಯಲ್ಲ; 0.70 ತಂಗೂಸಿ ಒಂದಡಿ ಅಥವಾ ಮೆತ್ತನೆ ಸ್ಟೀಲ್ ತಂತಿ. ತಂತಿ ಒಮ್ಮೆ ಮಡಚಿಕೊಂಡ್ರೆ ಎಸೆದುಬಿಡಿ, ಮಡಚಿದ ಜಾಗದಲ್ಲೇ ತುಂಡಾಗುತ್ತೆ. ಸರ್ಕಲ್ ಕೊಕ್ಕೆ (ಮೊನೆ ಒಳಕ್ಕೆ ಬಾಗಿರೋದು) ಹಾಕಿದ್ರೆ ಜೋರಾಗಿ ಎಳೀಬಾರದು. ದಾರ ತಾನಾಗಿ ಬಿಗಿಯಾಗಲಿ, ಸುಮ್ಮನೆ ರೀಲ್ ಸುತ್ತಿ, ಕೊಕ್ಕೆ ಬಾಯಿಯ ಮೂಲೆಗೆ ತಾನೇ ಕೂರುತ್ತೆ.

ಮಡು ಕಾವಲು

ಇಲ್ಲಿ ಓದೋರು ಹೊಸಬರೂ ಇರ್ತಾರೆ, ಅದಕ್ಕೆ ಜಾಗದ ಬಗ್ಗೆ ಹೇಳ್ಬಿಡ್ತೀನಿ. ಸಂಗಮ, ಮೇಕೆದಾಟು, ಮುತ್ತತ್ತಿ, ಭೀಮೇಶ್ವರಿ, ಗಾಲಿಬೋರೆ ಇರೋದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದ ವ್ಯಾಪ್ತಿಯಲ್ಲಿ. ಅಲ್ಲಿ ಗಾಳ ಹಾಕೋ ಹಾಗಿಲ್ಲ, ಹಿಡಿದು ಬಿಡ್ತೀವಿ ಅಂದ್ರೂ ಇಲ್ಲ. ಒಂದು ಕಾಲಕ್ಕೆ ಅಲ್ಲಿ ಬಿಳಿಮೀನಿಗೆ (ಮಹಶೀರ್) ಗಾಳ ಹಾಕೋ ಕ್ಯಾಂಪ್‌ಗಳಿದ್ದವು ಅನ್ನೋ ಹಳೇ ಫೋಟೊ ನೋಡಿ ಹೊರಡಬೇಡಿ. ರಂಗನತಿಟ್ಟೂ ಅಷ್ಟೇ. ಹೊರಗಿನ ನೀರಿಗೂ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು, ಗುತ್ತಿಗೆ ಕೊಟ್ಟಿರೋ ಭಾಗ ಆದ್ರೆ ಗುತ್ತಿಗೆದಾರರ ಒಪ್ಪಿಗೆ. ಮಳೆಗಾಲ ಮೊಟ್ಟೆ ಇಡೋ ಕಾಲ, ಆಗ ಬಿಟ್ಟುಬಿಡಿ.

ಕಿತ್ತಳೆ ರೆಕ್ಕೆ, ಎತ್ತಿದ ಬೆನ್ನಿನ ಬಿಳಿಮೀನು ಬಂದ್ರೆ ಅದು ಕಾವೇರಿ ಕಣಿವೆ ಬಿಟ್ಟು ಬೇರೆಲ್ಲೂ ಇಲ್ಲದ ಜಾತಿ, 2018ರಲ್ಲಿ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿದ್ದು. 1946ರಲ್ಲಿ ಕಬಿನಿಯಲ್ಲಿ 120 ಪೌಂಡ್ ತೂಗಿದ್ದು ಇದೇ ಜಾತಿ. ಈಗ ಸಿಗೋದು ಹೆಚ್ಚಾಗಿ ಲೋನಾವಳದ ಮರಿಕೇಂದ್ರದಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಜಾತಿ. ಯಾವುದೇ ಇರಲಿ, ನೀರಿಂದ ಎತ್ತದೆ, ಕೈ ಒದ್ದೆ ಮಾಡ್ಕೊಂಡು, ಕೊಕ್ಕೆ ಬಿಡಿಸಿ, ತಲೆ ಮೇಲ್ಹರಿವಿಗೆ ಹಿಡಿದು, ತಾನಾಗಿ ಒದ್ದು ಹೋಗೋವರೆಗೂ ಕಾಯಿರಿ. ಕೊಕ್ಕೆಯ ಮುಳ್ಳನ್ನ ಮೊದಲೇ ಇಕ್ಕಳದಲ್ಲಿ ಒತ್ತಿಟ್ಟಿದ್ರೆ ಬಿಡಿಸೋದು ಸಲೀಸು.

ರಾಗಿ ಕಣಜ (ಚನ್ನಪಟ್ಟಣ–ಬೆಂಗಳೂರು)

ಬಿಳಿಮೀನಿಗೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ತೆಳು ತಂತಿಯ ಕೊಕ್ಕೆ ಗಂಟಲಿಗೆ ಹೋದ್ರೆ ಜಜ್ಜಿಹಾಕುತ್ತೆ, ಬಾಯಿ ತುದಿಯಲ್ಲೇ ಎಳೆಯೋಕೆ ಇದೂ ಒಂದು ಕಾರಣ. ಆಮೆ ಕಚ್ಚಿದ್ರೆ ದಡಕ್ಕೆ ಎಳೆದು ಕೊಕ್ಕೆ ಕಾಣುವಷ್ಟು ಹತ್ತಿರ ದಾರ ಕತ್ತರಿಸಿ.

ಲಗೇಜ್ ತಕ್ಕಡಿ

ನರಸೀಪುರದ ಕೆಳಗೆ ಕೂರೋರಿಗೆ: ಅಲ್ಲಿ ಕಬಿನಿ ಕಾವೇರಿ ಸೇರೋದ್ರಿಂದ ಎರಡೂ ಕಡೆಯ ಅಣೆಕಟ್ಟಿನ ನೀರು ನಿಮ್ಮ ಕಾಲ ಬುಡಕ್ಕೆ ಬರುತ್ತೆ. ಕೆ.ಆರ್.ಎಸ್. ಹೊರಹರಿವು ಮಾತ್ರ ನೋಡ್ಕೊಂಡು ಹೋದ್ರೆ ಅರ್ಧ ಲೆಕ್ಕ. ಕೂತ ಕೂಡ್ಲೆ ನೀರಿನ ಅಂಚಿಗೆ ಒಂದು ಕಡ್ಡಿ ನೆಡಿ. ಕಡ್ಡಿಯ ಬುಡ ಮುಳುಗಿದ್ರೆ, ನೀರಿನ ಬಣ್ಣ ಕೆಂಪಾದ್ರೆ, ಇದ್ದಕ್ಕಿದ್ದಂತೆ ಕಸಕಡ್ಡಿ ತೇಲಿ ಬಂದ್ರೆ, ನಡುಬಂಡೆಯಿಂದ ಆ ಕ್ಷಣ ಎದ್ದು ಬನ್ನಿ. ಸಾಮಾನು ಆಮೇಲೆ. ಮೊಸಳೆ ಇರೋ ನೀರು, ಮೊಣಕಾಲ ಮಟ್ಟ ಇಳಿದು ನಿಂತು ಗಾಳ ಹಾಕೋದೂ ಬೇಡ. ಗ್ರಾಫೈಟ್ ರಾಡ್ ವಿದ್ಯುತ್ ಹಾಯಿಸುತ್ತೆ, ಗುಡುಗು ಕೇಳಿದ್ರೆ ಅಥವಾ ದಡದ ಪಂಪ್‌ಸೆಟ್ ತಂತಿ ಮೇಲೆ ಇದ್ರೆ ರಾಡ್ ಎತ್ತಲೇಬೇಡಿ.

ಅರ್ಕಾವತಿ ಗಾಳ (ಕೆಂಗೇರಿ)

ರಾಡ್, ರೀಲ್ ಹಾಗೇ ಇಟ್ಟು ದಾರ ಮಾತ್ರ 0.38 ತಂಗೂಸಿ ಹಾಕ್ತೀನಿ. ಅಂಗಡಿಯಲ್ಲಿ ಸುತ್ತಿಸಿದ್ದು ಎಸೆದಾಗೆಲ್ಲ ಗುಂಗುರು ಗುಂಗುರಾಗಿ ಬರುತ್ತೆ, ಅದಕ್ಕೇನು ಮಾಡೋದು?

ಸೀಸದ ಗುಂಡು

ಮನೆಯಲ್ಲೇ ಸುತ್ತಿ. ದಾರದ ಉರುಳೆಯನ್ನ ನೆಲದ ಮೇಲೆ ಮಲಗಿಸಿ, ಲೇಬಲ್ ಮೇಲೆ. ರಾಡಿನ ಮೊದಲ ಉಂಗುರದಿಂದ ದಾರ ತಂದು ಸ್ಪೂಲಿಗೆ ಕಟ್ಟಿ, ದಾರವನ್ನ ಒದ್ದೆ ಬಟ್ಟೆಯಲ್ಲಿ ಹಿಡಿದು ಇಪ್ಪತ್ತು ಸುತ್ತು ಸುತ್ತಿ ನಿಲ್ಲಿಸಿ. ದಾರ ಸಡಿಲ ಬಿಟ್ಟು ನೋಡಿ. ತಾನಾಗಿ ಹುರಿ ಹಾಕ್ಕೊಂಡ್ರೆ ಉರುಳೆಯನ್ನ ಮಗುಚಿ ಹಾಕಿ ಮುಂದುವರಿಸಿ. ಸ್ಪೂಲಿನ ಅಂಚಿಗೆ 2 ಮಿ.ಮೀ. ಬಾಕಿ ಇರುವಾಗ ನಿಲ್ಲಿಸಿ. ತುಂಬಾ ತುಂಬಿಸಿದ್ರೆ ಸುರುಳಿ ಒಟ್ಟಿಗೇ ಕಳಚುತ್ತೆ, ಕಮ್ಮಿ ಆದ್ರೆ ದೂರ ಹೋಗಲ್ಲ. ಎಸೆದ ಮೇಲೆ ಬೇಲ್ ತಂತಿಯನ್ನ (ರೀಲಿನಲ್ಲಿ ದಾರ ಹಿಡಿಯೋ ಕಮಾನು) ಹಿಡಿ ತಿರುಗಿಸಿ ಮುಚ್ಚಬೇಡಿ, ಕೈಯಿಂದ ಮುಚ್ಚಿ ದಾರ ಒಮ್ಮೆ ಎಳೆದು ಬಿಗಿ ಮಾಡಿ. ಮೀನು ದಾರ ಎಳೀತಿರುವಾಗ ರೀಲ್ ಸುತ್ತಿದ್ರೂ ಹುರಿ ಬೀಳುತ್ತೆ, ಡ್ರ್ಯಾಗ್ ಸದ್ದು ಬರ್ತಿದ್ರೆ ಕೈ ನಿಲ್ಲಿಸಿ. ಈಗಾಗಲೇ ಹುರಿ ಬಿದ್ದಿರೋ ದಾರಕ್ಕೆ ತುದಿಯ ಸ್ವಿವೆಲ್, ಕೊಕ್ಕೆ ಎಲ್ಲ ಬಿಚ್ಚಿ, ಹರಿಯೋ ನೀರಿಗೆ ಐವತ್ತು ಮೀಟರ್ ಬಿಟ್ಟು ಐದು ನಿಮಿಷ ಇಟ್ಟು ಸುತ್ತಿಕೊಳ್ಳಿ. ಬಂಡೆ ಇಲ್ಲದ ಕಡೆ.